ಮುದ್ದೇನಹಳ್ಳಿಯ ಎಂಜಿನಿಯರ್ ಮತ್ತು ಬಯಲುಸೀಮೆಯ ಸಣ್ಣ ರೈಲು

ಚಿಂತಾಮಣಿ ಹತ್ತಿರದ ಮುರುಗಮಲ್ಲ ದರ್ಗಾಕ್ಕೆ ನಮ್ಮ ಕರಾವಳಿಯಿಂದ ಝಿಯಾರತ್‌ಗೆ ಹೋಗಿ ಬರುವವರು ಬಹಳ ಮಂದಿ ಇದ್ದಾರೆ. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯುವುದು, ಅಲ್ಲಿಂದ ಚಿಕ್ಕಬಳ್ಳಾಪುರದ ದಾರಿಯಾಗಿಯೋ ಹೊಸಕೋಟೆಯ ದಾರಿಯಾಗಿಯೋ ಇನ್ನೊಂದು ಬಸ್ಸು ಹಿಡಿಯುವುದು. ಚಿಕ್ಕಬಳ್ಳಾಪುರದ ದಾರಿಯಲ್ಲಿ ಹೋದರೆ ದೇವನಹಳ್ಳಿ ಸಿಗುತ್ತದೆ, ಟಿಪ್ಪು ಸುಲ್ತಾನರು ಹುಟ್ಟಿದ ಊರು. ಅದು ದಾಟಿದ ಮೇಲೆ ನಂದಿಬೆಟ್ಟ ಕಾಣುತ್ತದೆ. ಆ ಬೆಟ್ಟದ ಬುಡದ ಕಡೆ ಮುದ್ದೇನಹಳ್ಳಿ ಅಂತ ಒಂದು ಸಣ್ಣ ಹಳ್ಳಿ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಅಲ್ಲಿ.

ವಿಶ್ವೇಶ್ವರಯ್ಯ ಅಂದ ಕೂಡಲೇ ಎಲ್ಲರೂ ಕನ್ನಂಬಾಡಿ ಕಟ್ಟೆಯ ಹೆಸರು ಹೇಳುತ್ತಾರೆ. ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನ ಬಂದಾಗ ಶಾಲೆಗಳಲ್ಲಿ ಮಕ್ಕಳು ಭಾಷಣ ಮಾಡುವುದೂ ಅದರ ಬಗ್ಗೆಯೇ. ಆದರೆ ಅವರು ತಮ್ಮ ಸ್ವಂತ ಸೀಮೆಯ ಜನರಿಗೆ ಓಡಾಡಲು ಏನು ಮಾಡಿದರು ಎಂಬ ವಿಷಯ ಹೆಚ್ಚು ಮಾತಿಗೆ ಬರುವುದಿಲ್ಲ. ಇವತ್ತು ಅದನ್ನೇ ಹೇಳೋಣ.

ದೋಣಿಯೂ ಇಲ್ಲದ ಸೀಮೆ

ನಮ್ಮ ಕಡೆ ಹಿಂದಿನವರಿಗೆ ರಸ್ತೆ ಇಲ್ಲದಿದ್ದರೂ ನೀರಿತ್ತು. ನೇತ್ರಾವತಿ, ಗುರುಪುರ ಹೊಳೆ, ಕಡವಿನ ದೋಣಿ, ಸಮುದ್ರದಲ್ಲಿ ಪತ್ತೇಮಾರಿ. ಅಕ್ಕಿಯಾಗಲಿ, ಹಂಚಾಗಲಿ, ಒಣಮೀನಾಗಲಿ, ನೀರಿನ ಮೇಲೆ ಸಾಗುತ್ತಿತ್ತು. ಚಿಕ್ಕಬಳ್ಳಾಪುರದ ಸೀಮೆಗೆ ಆ ಭಾಗ್ಯವಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಂದು ನದಿಗಳು ಹುಟ್ಟುತ್ತವೆ ನಿಜ. ಆದರೆ ವರ್ಷದ ಹೆಚ್ಚು ದಿನ ಅವುಗಳಲ್ಲಿ ಕಾಣುವುದು ಮರಳು ಮಾತ್ರ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಇಲ್ಲ. ರಾಗಿ, ಆಲೂಗಡ್ಡೆ, ರೇಷ್ಮೆಗೂಡು ಏನೇ ಸಾಗಿಸಬೇಕಾದರೂ ಎತ್ತಿನ ಗಾಡಿಯೇ ಗತಿ. ಬೆಂಗಳೂರು ಹೆಚ್ಚೆಂದರೆ 60 ಕಿಲೋಮೀಟರ್, ಆದರೂ ಗಾಡಿಯಲ್ಲಿ ಹೋಗಿ ಬರುವುದೆಂದರೆ ದಿನಗಟ್ಟಲೆಯ ಕೆಲಸ.

ಇಂಥಾ ಸೀಮೆಯಲ್ಲಿ 1861ರಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದರು. ಕೆಲವು ಕಡೆ 1860 ಎಂದೂ ಬರೆದಿದ್ದಾರೆ. ತಂದೆ ಮೋಕ್ಷಗುಂಡಂ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ಓದಿಗೆ ಕೊರತೆ ಇರಲಿಲ್ಲ, ಹಣಕ್ಕೆ ಇತ್ತು. ಮೊದಲ ಓದು ಚಿಕ್ಕಬಳ್ಳಾಪುರದಲ್ಲಿ ಆಯಿತು. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಹುಡುಗ ಬೆಂಗಳೂರಿಗೆ ಬಂದು ಸೋದರಮಾವನ ಆಸರೆಯಲ್ಲಿ ಮಿಷನ್ ಹೈಸ್ಕೂಲು ಓದಿದ, ಆಮೇಲೆ ಸೆಂಟ್ರಲ್ ಕಾಲೇಜು ಸೇರಿದ. ಖರ್ಚಿಗೆ ಇನ್ನೊಬ್ಬರ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ. ಹಾಗೇ 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಲು ಸಾಧ್ಯವಾಯಿತು. 1883ರಲ್ಲಿ ಅಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ಒಂದು ವಿದ್ಯಾರ್ಥಿವೇತನ ಒಬ್ಬ ಹುಡುಗನನ್ನು ಎಲ್ಲಿಗೆ ಮುಟ್ಟಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಂತಿಲ್ಲ.

ಸಿಂಧ್‌ನಿಂದ ಏಡನ್‌ವರೆಗೆ

1884ರಲ್ಲಿ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಕೆಲಸ ಶುರುವಾದದ್ದು ನಾಸಿಕ್‌ನಲ್ಲಿ. ಮುಂದಿನ 24 ವರ್ಷ ಅವರು ಓಡಾಡಿದ ಊರುಗಳ ಪಟ್ಟಿ ದೊಡ್ಡದು. ಸಿಂಧ್ ಪ್ರಾಂತದ ಸುಕ್ಕೂರಿನಲ್ಲಿ ಸಿಂಧೂ ನದಿಯ ಕಲಕು ನೀರನ್ನು ಸೋಸಿ ಊರಿಗೆ ಕುಡಿಯುವ ನೀರು ಕೊಟ್ಟರು. ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿ ನೀರು ಏರಿದರೆ ತಾನಾಗಿ ತೆರೆದುಕೊಳ್ಳುವ, ಇಳಿದರೆ ತಾನಾಗಿ ಮುಚ್ಚಿಕೊಳ್ಳುವ ಗೇಟುಗಳನ್ನು 1903ರಲ್ಲಿ ಕೂರಿಸಿದರು.

1906ರಲ್ಲಿ ಸರ್ಕಾರ ಅವರನ್ನು ಏಡನ್‌ಗೆ ಕಳುಹಿಸಿತು. ನಮ್ಮ ಹಿರಿಯರಿಗೆ ಏಡನ್ ಹೊಸ ಹೆಸರಲ್ಲ. ಪತ್ತೇಮಾರಿಯ ಕಾಲದಿಂದ ಈ ಕರಾವಳಿಗೂ ಆ ಬಂದರಿಗೂ ವ್ಯಾಪಾರದ ನಂಟು ಇತ್ತು. ಆ ಊರಲ್ಲಿ ಕುಡಿಯುವ ನೀರಿನದೇ ದೊಡ್ಡ ತೊಂದರೆ. ಒಳನಾಡಿನ ಲಹೆಜ್ ಕಡೆಯ ಒಣ ನದಿಯ ಪಾತ್ರದಲ್ಲಿ ಬಾವಿ ತೋಡಿ ಅಲ್ಲಿಂದ ನೀರು ತರಬಹುದು ಎಂದು ಅವರು ವರದಿ ಕೊಟ್ಟರು. ಮೇಲೆ ಮರಳು, ಅಡಿಯಲ್ಲಿ ನೀರು: ಪಿನಾಕಿನಿಯ ಮರಳು ನೋಡಿ ಬೆಳೆದವರಿಗೆ ಈ ಲೆಕ್ಕ ಹೊಸದಲ್ಲ.

1908ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅದೇ ಸಮಯಕ್ಕೆ ವಿಶ್ವೇಶ್ವರಯ್ಯನವರು ಬೊಂಬಾಯಿಯ ಕೆಲಸ ಬಿಟ್ಟಿದ್ದರು. ನಿಜಾಮರ ಸರ್ಕಾರ ಅವರನ್ನು ಕರೆಸಿತು. ಊರಿನ ಮೇಲ್ಭಾಗದಲ್ಲಿ ನೀರು ತಡೆಯುವ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಯೋಜನೆ ಮಾಡಿಕೊಟ್ಟರು. ಇವತ್ತಿನ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಹುಟ್ಟಿದ್ದು ಆ ಯೋಜನೆಯಿಂದ.

ರೈಲು ಯಾರ ಊರಿಗೆ ಬರುತ್ತದೆ?

1909ರ ಕೊನೆಗೆ ಮೈಸೂರು ಸಂಸ್ಥಾನದವರು ಅವರನ್ನು ಮುಖ್ಯ ಎಂಜಿನಿಯರ್ ಆಗಿ ಕರೆದರು. ಜೊತೆಗೆ ರೈಲ್ವೆಯ ಕಾರ್ಯದರ್ಶಿ ಕೆಲಸವೂ ಅವರಿಗೇ ಬಂತು. ಹುಟ್ಟಿದ ಸೀಮೆಯ ಓಡಾಟದ ಕಷ್ಟ ಈಗ ಅವರ ಮೇಜಿನ ಮೇಲೆಯೇ ಬಂದು ಕೂತ ಹಾಗಾಯಿತು.

ಆಗ ರೈಲಿನ ಪರಿಸ್ಥಿತಿ ಹೇಗಿತ್ತು ನೋಡಿ. ಸಂಸ್ಥಾನದ ಮುಖ್ಯ ರೈಲುಗಳನ್ನು ಓಡಿಸುತ್ತಿದ್ದುದು ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ. ಅದರ ಬೋರ್ಡು ಇದ್ದದ್ದು ಲಂಡನ್ನಿನಲ್ಲಿ. ಕಂಪನಿಗೆ ದೊಡ್ಡ ಊರಿಂದ ದೊಡ್ಡ ಊರಿಗೆ ಹೋಗುವ ದಾರಿ ಮುಖ್ಯ. ಬೆಂಗಳೂರಿನಿಂದ ಗುಂತಕಲ್ ಕಡೆಗೆ ಹೋಗುವ ಮೀಟರ್‌ಗೇಜ್ ದಾರಿಯಲ್ಲಿ ಗೌರಿಬಿದನೂರು ಬಿತ್ತು. ಹಾಗಾಗಿ ಆ ಊರಿಗೆ 1890ರ ದಶಕದಲ್ಲೇ ರೈಲು ಸಿಕ್ಕಿತು. ಇನ್ನೊಂದು ಕಡೆ ಕೋಲಾರದ ಚಿನ್ನದ ಗಣಿಗಳಿಗೂ ಅದೇ ದಶಕದಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ರೈಲು ಹೋಯಿತು. ಚಿನ್ನ ಇದ್ದಲ್ಲಿಗೆ ಹಳಿ ಓಡೋಡಿ ಬಂತು. ಆಲೂಗಡ್ಡೆ, ರೇಷ್ಮೆ ಬೆಳೆಯುವ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗೆ ಮಾತ್ರ ಬರಲಿಲ್ಲ. ಎರಡು ದೊಡ್ಡ ದಾರಿಗಳ ನಡುವೆ ಈ ಮೂರು ಊರು ಖಾಲಿ ಉಳಿದವು.

ದೊಡ್ಡ ಕಂಪನಿ ಬರಲಿ ಅಂತ ಕಾದು ಕೂರಬಹುದಿತ್ತು. ವಿಶ್ವೇಶ್ವರಯ್ಯನವರ ಲೆಕ್ಕ ಬೇರೆ. ದೊಡ್ಡ ರೈಲು ಬರದಿದ್ದರೆ ಸಣ್ಣ ರೈಲು ಸಾಕು, ಪೂರ್ತಿ ಹಣ ಇಲ್ಲದಿದ್ದರೆ ಕೈಯಲ್ಲಿರುವಷ್ಟರಲ್ಲಿ ಕಟ್ಟಬೇಕು. ಎರಡು ಹಳಿಗಳ ನಡುವಿನ ಅಂತರ ಎರಡೂವರೆ ಅಡಿ ಮಾತ್ರ ಇರುವ ನ್ಯಾರೋಗೇಜ್ ದಾರಿ ಹಾಕುವುದೆಂದು ತೀರ್ಮಾನವಾಯಿತು. ಮೀಟರ್‌ಗೇಜ್ ಅಂದರೆ ಮೂರು ಅಡಿ ಮೂರು ಅಂಗುಲ, ಬ್ರಾಡ್‌ಗೇಜ್ ಅಂದರೆ ಐದೂವರೆ ಅಡಿ. ಹಳಿ ಕಿರಿದಾದಷ್ಟೂ ಎಂಜಿನ್ ಸಣ್ಣದು, ಸೇತುವೆ ಸಣ್ಣದು, ಬೇಕಾಗುವ ಜಾಗ ಕಡಿಮೆ. ಗುಡ್ಡ ಸಿಕ್ಕಿದರೆ ಕೊರೆಯಬೇಕಾಗಿಲ್ಲ, ಬಳಸಿಕೊಂಡು ಹೋಗಬಹುದು. ವೇಗ ಕಡಿಮೆ, ನಿಜ. ಆದರೆ ಎತ್ತಿನ ಗಾಡಿಗೆ ಹೋಲಿಸಿದರೆ ಅದೇ ದೊಡ್ಡ ವೇಗ.

1912ರ ನವೆಂಬರ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಕೆಲಸ ಚುರುಕಾಯಿತು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಸಣ್ಣ ರೈಲು ಓಡಿತು. 1915ರಲ್ಲಿ ಯಲಹಂಕದಿಂದ ದೇವನಹಳ್ಳಿ, ನಂದಿ ದಾರಿಯಾಗಿ ಚಿಕ್ಕಬಳ್ಳಾಪುರಕ್ಕೆ ಬಂತು. ಇದನ್ನು ಕಟ್ಟಿದ್ದು ಇದಕ್ಕಾಗಿಯೇ ಹುಟ್ಟಿದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿ. 1916ರಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವಿನ ಖಾಲಿ ಜಾಗವೂ ತುಂಬಿತು. ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಒಂದೇ ದಾರಕ್ಕೆ ಪೋಣಿಸಿದ ಹಾಗೆ ಸೇರಿಕೊಂಡವು. 1918ರಲ್ಲಿ ಯಲಹಂಕದಿಂದ ಬೆಂಗಳೂರಿಗೂ ಸಣ್ಣ ಹಳಿ ಬಂದ ಮೇಲೆ ಊರಲ್ಲಿ ಹತ್ತಿದವರು ನೇರ ಬೆಂಗಳೂರಲ್ಲೇ ಇಳಿಯುವ ಹಾಗಾಯಿತು.

ಇದರಿಂದ ಯಾರಿಗೆ ಉಪಕಾರವಾಯಿತು? ಶಿಡ್ಲಘಟ್ಟದ ರೇಷ್ಮೆಯನ್ನೇ ತೆಗೆದುಕೊಳ್ಳಿ. ಮೈಸೂರು ಸೀಮೆಗೆ ರೇಷ್ಮೆ ತಂದು ಬೆಳೆಸಿದವರು ಟಿಪ್ಪು ಸುಲ್ತಾನರು. ಹಿಪ್ಪುನೇರಳೆ ಬೆಳೆದು ಹುಳ ಸಾಕುವವರು ರೈತರು. ಗೂಡು ಕೊಂಡು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ರೀಲರ್‌ಗಳಲ್ಲಿ ದೊಡ್ಡ ಪಾಲು ಮುಸ್ಲಿಮ್ ಕುಟುಂಬಗಳು. ಶಿಡ್ಲಘಟ್ಟದಲ್ಲಿ ಇವತ್ತಿಗೂ ಹಾಗೆಯೇ ಇದೆ. ಗೂಡು ಬಹಳ ದಿನ ಇಟ್ಟುಕೊಳ್ಳುವ ಸರಕಲ್ಲ. ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದು ಹೊರಗೆ ಬಂದರೆ ನೂಲು ತುಂಡಾಗುತ್ತದೆ, ಮಾಲು ಹಾಳು. ಇಂಥಾ ಸರಕಿಗೆ ಸಾಗಾಟ ಒಂದು ದಿನ ಬೇಗ ಆದರೆ ಅದೇ ಲಾಭ. ರೇಷ್ಮೆ ಸುಧಾರಿಸಲು ದಿವಾನರು ಇಟಲಿಯಿಂದ ತಜ್ಞರನ್ನೂ ಕರೆಸಿದ್ದರು. ಕಸುಬು ಮತ್ತು ದಾರಿ ಎರಡೂ ಒಟ್ಟಿಗೆ ಸುಧಾರಿಸಬೇಕು ಎಂಬುದು ಅವರ ಕ್ರಮ.

ಹೀಗೇ ಮಲೆನಾಡಿನಲ್ಲಿ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಇನ್ನೂ ಕಿರಿದಾದ, ಎರಡೇ ಅಡಿಯ ಹಳಿ ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾಡಿನಿಂದ ಸೌದೆ ತರಲು ಟ್ರಾಮ್ ಹಳಿಗಳು ಬಿದ್ದವು. ಮೈಸೂರು–ಅರಸೀಕೆರೆ ದಾರಿಯೂ ಅವರ ಕಾಲದ್ದೇ. ಕಂಪನಿಯ ಕೈಯಲ್ಲಿದ್ದ ರೈಲುಗಳ ಆಡಳಿತ ಸಂಸ್ಥಾನದ ಕೈಗೆ ಬರಬೇಕೆಂದು ಅವರು ಪಟ್ಟು ಹಿಡಿದಿದ್ದರು. ಅವರು ಕೆಲಸ ಬಿಟ್ಟ ಮರುವರ್ಷ, 1919ರಲ್ಲಿ, ಹಲವು ಮಾರ್ಗಗಳ ಮಟ್ಟಿಗೆ ಅದು ಆಯಿತು.

ಕರಾವಳಿಗೆ ಬಾರದ ರೈಲು

ಅವರ ಕಣ್ಣು ನಮ್ಮ ಕರಾವಳಿಯ ಮೇಲೂ ಇತ್ತು. ಮೈಸೂರು ಸಂಸ್ಥಾನಕ್ಕೆ ಸಮುದ್ರ ಇರಲಿಲ್ಲ. ಮಂಗಳೂರು ಮದ್ರಾಸಿನವರದು, ಭಟ್ಕಳ ಬೊಂಬಾಯಿಯವರದು. ಭಟ್ಕಳದಲ್ಲಿ ಸಂಸ್ಥಾನಕ್ಕೆ ಒಂದು ಬಂದರು ಬೇಕು, ಘಟ್ಟ ಇಳಿದು ಕರಾವಳಿಗೆ ರೈಲು ಬರಬೇಕು ಎಂದು ಅವರು ಬಹಳ ಪ್ರಯತ್ನಪಟ್ಟರು. ಎರಡಕ್ಕೂ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಬೇಕಿತ್ತು. ಅವರ ಕಾಲದಲ್ಲಿ ಎರಡೂ ಆಗಲಿಲ್ಲ. ಹಾಸನ–ಮಂಗಳೂರು ರೈಲು ದಾರಿ ಪೂರ್ತಿಯಾದದ್ದು 1979ರಲ್ಲಿ, ಅವರು ತೀರಿಕೊಂಡು 17 ವರ್ಷ ಆದ ಮೇಲೆ. ಮಂಗಳೂರಿಗೆ 1907ರಲ್ಲೇ ಕೇರಳದ ಕಡೆಯಿಂದ ರೈಲು ಬಂದಿತ್ತು, 1914ರಲ್ಲಿ ಸಿ.ಪಿ.ಸಿ. ಬಸ್ ಕಂಪನಿಯೂ ಹುಟ್ಟಿತ್ತು. ಆದರೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಹಳಿ ಮಾತ್ರ ಮುಕ್ಕಾಲು ಶತಮಾನ ಕಾಯಿಸಿತು.

ಗಾಡಿಯಲ್ಲಿ ಎಲ್ಲರಿಗೂ ಜಾಗ, ಕಚೇರಿಯಲ್ಲಿ?

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಆ ಕಾಲದಲ್ಲಿ ಸಂಸ್ಥಾನದ ದೊಡ್ಡ ದೊಡ್ಡ ಹುದ್ದೆಗಳಲ್ಲಿ ಹೆಚ್ಚಿನವರು ಬ್ರಾಹ್ಮಣರೇ ಇದ್ದರು. ಲಿಂಗಾಯತರು, ಒಕ್ಕಲಿಗರು, ಮುಸ್ಲಿಮರು ಮುಂತಾದ ಸಮುದಾಯಗಳ ಮುಖಂಡರು ಸೇರಿ ತಮಗೂ ಪಾಲು ಬೇಕೆಂದು ಮಹಾರಾಜರ ಬಳಿ ಹೋದರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹುದ್ದೆ ಅರ್ಹತೆಯಿಂದಲೇ ಸಿಗಬೇಕು, ಹಿಂದುಳಿದವರಿಗೆ ಓದು ಕೊಡಿಸಿ ಮೇಲೆ ತರಬೇಕು, ಪಾಲು ಹಂಚಿದರೆ ಆಡಳಿತ ಕೆಡುತ್ತದೆ ಎಂಬುದು ಅವರ ವಾದ. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟು ನಡೆದರು. ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಪಾಲು ಕೊಡಬೇಕೆಂದು 1919ರಲ್ಲಿ ವರದಿ ಕೊಟ್ಟಿತು. ಮುಂದೆ ಕರ್ನಾಟಕದಲ್ಲಿ ಬಂದ ಮೀಸಲಾತಿಗೆ ಅದೇ ಬುನಾದಿ. ಇವತ್ತು ನಮ್ಮ ಮಕ್ಕಳಿಗೆ ಕಾಲೇಜಿನಲ್ಲಿ, ಕೆಲಸದಲ್ಲಿ ಸಿಕ್ಕಿರುವ ಅವಕಾಶದ ಬೇರೂ ಅಲ್ಲೇ ಇದೆ.

ಹಾಗಂತ ಅವರು ಬಡವರ ಓದಿಗೆ ವಿರುದ್ಧ ಇದ್ದವರಲ್ಲ. ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು 1913ರಲ್ಲಿ ತಂದವರು ಅವರೇ. ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾರ್ಥಿವೇತನ ಇಟ್ಟರು. ಅದೇ ವರ್ಷ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರ ಕಾಲದಲ್ಲೇ ಆದದ್ದು. ಆದರೆ ರೈಲಿನ ವಿಷಯದಲ್ಲಿ ಅವರಿಗೆ ಹೊಳೆದದ್ದು ಹುದ್ದೆಯ ವಿಷಯದಲ್ಲಿ ಹೊಳೆಯಲಿಲ್ಲ. ದೊಡ್ಡ ದಾರಿ ಯಾರ ಊರನ್ನು ಬಿಟ್ಟು ಹೋಗಿದೆಯೋ ಆ ಊರಿಗೆ ಬೇರೆಯೇ ದಾರಿ ಹಾಕಿಕೊಡಬೇಕು, ಕಾಯಿಸಬಾರದು ಎಂದು ಚಿಕ್ಕಬಳ್ಳಾಪುರದ ಹಳಿಯಲ್ಲಿ ಅವರೇ ತೋರಿಸಿದ್ದರು. ಹಿಂದೆ ಉಳಿದ ಸಮುದಾಯಗಳು ಮಹಾರಾಜರ ಬಳಿ ಕೇಳಿದ್ದೂ ಅದನ್ನೇ. ದೊಡ್ಡ ಮನುಷ್ಯರ ಜೀವನವನ್ನು ಹೇಳುವಾಗ ಎರಡೂ ಹೇಳಬೇಕು.

ಕಾರಿನ ಕಾರ್ಖಾನೆ, ಸರ್ ಮಿರ್ಜಾ ಮತ್ತು ಬಸ್ಸು

ದಿವಾನಗಿರಿ ಬಿಟ್ಟ ಮೇಲೂ ಅವರು ಕೂತವರಲ್ಲ. 1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಆ ಕೆಲಸಕ್ಕೆ ಸಿಕ್ಕಿದ ಹಣವನ್ನು ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಲ್ಲಿ ಶುರುವಾದ ಆ ಸಂಸ್ಥೆಯೇ ಇವತ್ತಿನ ಎಸ್.ಜೆ. ಪಾಲಿಟೆಕ್ನಿಕ್. ಎಷ್ಟೋ ಮೆಕ್ಯಾನಿಕ್‌ಗಳು, ಎಂಜಿನಿಯರುಗಳು ಅಲ್ಲಿಂದ ಹೊರಟಿದ್ದಾರೆ.

1930ರ ದಶಕದಲ್ಲಿ ಅವರಿಗೆ ವಯಸ್ಸು ಎಪ್ಪತ್ತು ದಾಟಿತ್ತು. ಆಗ ಹಿಡಿದ ಹೊಸ ಹಟ ಮೋಟಾರು. ಕಾರು, ಲಾರಿ, ಬಸ್ಸು ಎಲ್ಲಾ ವಿದೇಶದಿಂದ ಬರುತ್ತಿದ್ದ ಕಾಲ. ನಮ್ಮ ದೇಶದಲ್ಲೇ ಮಾಡಬೇಕೆಂದು ಅವರು ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಹಣ ಹೂಡಲು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು. ಆಗ ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಅವರು 1926ರಿಂದ 1941ರವರೆಗೆ ದಿವಾನರಾಗಿದ್ದವರು. ಬೆಂಗಳೂರಲ್ಲೇ ಕಾರ್ಖಾನೆ ಆಗಲಿ, ಸಂಸ್ಥಾನ ನೆರವು ಕೊಡುತ್ತದೆ ಎಂದು ಸರ್ ಮಿರ್ಜಾ ಒಪ್ಪಿದರು. ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಬೊಂಬಾಯಿಯಲ್ಲಿ ಹುಟ್ಟಿತು. ನಮ್ಮ ಹಿರಿಯರು ಬಾಡಿಗೆಗೆ ಓಡಿಸಿದ ಪ್ರೀಮಿಯರ್ ಪದ್ಮಿನಿ ಕಾರು ಮುಂದೆ ಆ ಕಂಪನಿಯಿಂದಲೇ ಬಂದದ್ದು. ಬೆಂಗಳೂರಿಗೆ ಕಾರಿನ ಕಾರ್ಖಾನೆ ತಪ್ಪಿದರೂ 1940ರಲ್ಲಿ ಅದೇ ವಾಲ್‌ಚಂದ್ ಮತ್ತು ಸರ್ ಮಿರ್ಜಾ ಸೇರಿ ವಿಮಾನದ ಕಾರ್ಖಾನೆ ತಂದರು. ಇವತ್ತಿನ ಎಚ್.ಎ.ಎಲ್. ಅದೇ.

ಅದೇ 1940ರಲ್ಲಿ ಬೆಂಗಳೂರು ನಗರದಲ್ಲಿ ಬಸ್ಸು ಓಡಿಸಲು ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಕಂಪನಿ ಬಂತು. ಜನರು ಬಿ.ಟಿ.ಸಿ. ಎಂದು ಕರೆಯುತ್ತಿದ್ದರು. 1956ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಈ ನಡುವೆ ಸ್ವಾತಂತ್ರ್ಯ ಬಂದು, 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಓಡಾಟ ಶುರು ಮಾಡಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಮೇಲೆ ನಮಗೆಲ್ಲ ಗೊತ್ತಿರುವ ಕೆ.ಎಸ್.ಆರ್.ಟಿ.ಸಿ. ಆಯಿತು. ಲಂಡನ್ನಿನ ಕಂಪನಿಯ ಕೈಯಿಂದ ರೈಲು ಬಿಡಿಸಿಕೊಳ್ಳಬೇಕೆಂದು ಓಡಾಡಿದ್ದ ಮನುಷ್ಯ, ರಾಜ್ಯದ ಜನರದ್ದೇ ಆದ ಬಸ್ ಸಂಸ್ಥೆ ಹುಟ್ಟುವುದನ್ನು ಬದುಕಿದ್ದಾಗಲೇ ಕಂಡರು. 1955ರಲ್ಲಿ ಅವರಿಗೆ ಭಾರತರತ್ನ ಸಿಕ್ಕಿತ್ತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ಸಣ್ಣ ಹಳಿ ದೊಡ್ಡದಾಯಿತು

ಸಣ್ಣ ರೈಲಿನ ಕಥೆ ಅವರ ಜೊತೆ ಮುಗಿಯಲಿಲ್ಲ. ರಸ್ತೆಗಳು ಸುಧಾರಿಸಿ ಖಾಸಗಿ ಬಸ್ಸು, ಸರ್ಕಾರಿ ಬಸ್ಸು ಎರಡೂ ಹೆಚ್ಚಾದ ಮೇಲೆ ನಿಧಾನದ ನ್ಯಾರೋಗೇಜ್‌ಗೆ ಜನ ಕಡಿಮೆಯಾದರು. ಆದರೆ ಅದು ಹಾಕಿಟ್ಟ ದಾರಿ ಉಳಿಯಿತು. ಎರಡೂ ತುದಿಯಿಂದ ಹಳಿಯನ್ನು ಬ್ರಾಡ್‌ಗೇಜ್ ಮಾಡುತ್ತಾ ಬಂದರು. ಬಂಗಾರಪೇಟೆ–ಕೋಲಾರದ ನಡುವೆ ಕೆಲವು ವರ್ಷ ಹಳಿಯ ಮೇಲೆ ಓಡುವ ರೈಲ್‌ಬಸ್ಸೂ ಇತ್ತು. ಕೊನೆಗೆ ಕೋಲಾರ–ಚಿಕ್ಕಬಳ್ಳಾಪುರದ ನಡುವಿನ ಸುಮಾರು 85 ಕಿಲೋಮೀಟರ್ 2013ರಲ್ಲಿ ಮುಗಿಯಿತು. ಇವತ್ತು ಶಿಡ್ಲಘಟ್ಟ, ಚಿಂತಾಮಣಿಯಲ್ಲಿ ನಿಲ್ಲುವ ರೈಲು 1916ರ ಆ ದಾರಿಯಲ್ಲೇ ಓಡುತ್ತದೆ. ನಂದಿ, ದೇವನಹಳ್ಳಿಯ ಹಳೆ ನಿಲ್ದಾಣದ ಕಟ್ಟಡಗಳೂ ನಿಂತಿವೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ತಾನೇ ಒಂದು ಜಿಲ್ಲೆಯೂ ಆಯಿತು.

ಎರಡೂವರೆ ಅಡಿಯ ಹಳಿ ಹಾಕಿದಾಗ ಇದೇನು ಆಟಿಕೆ ರೈಲು ಎಂದು ನಗುವುದು ಸುಲಭವಿತ್ತು. ಆದರೆ ಅಂದು ಆ ಸಣ್ಣ ಹಳಿ ಬೀಳದಿದ್ದರೆ ಇಂದು ದೊಡ್ಡದು ಮಾಡಲು ಅಲ್ಲಿ ಏನೂ ಇರುತ್ತಿರಲಿಲ್ಲ. ನಮ್ಮ ಎಷ್ಟೋ ಜಮಾಅತ್‌ಗಳಲ್ಲಿ ಶಾಲೆ ಬೇಕು, ಮಕ್ಕಳಿಗೆ ವಾಹನ ಬೇಕು, ಹೆಣ್ಮಕ್ಕಳಿಗೆ ಕಾಲೇಜಿಗೆ ಹೋಗಿ ಬರಲು ವ್ಯವಸ್ಥೆ ಬೇಕು ಎಂಬ ಮಾತು ಬರುತ್ತದೆ, ದೊಡ್ಡ ಹಣ ಬರಲಿ ಅಂತ ಅಲ್ಲೇ ನಿಲ್ಲುತ್ತದೆ. ಮುಂದಿನ ಸಲ ಮುರುಗಮಲ್ಲಕ್ಕೆ ಹೋಗುವಾಗ ಬೆಂಗಳೂರಿನಿಂದ ಬಸ್ಸಿನ ಬದಲು ಚಿಂತಾಮಣಿಯ ರೈಲು ಹತ್ತಿ ನೋಡಿ. ಕೈಯಲ್ಲಿದ್ದಷ್ಟರಲ್ಲಿ ಶುರು ಮಾಡಿದರೆ ನೂರು ವರ್ಷದ ಮೇಲೆ ಅದು ಏನಾಗುತ್ತದೆ ಎಂಬುದು ಆ ದಾರಿಯಲ್ಲಿ ಕಣ್ಣಿಗೇ ಕಾಣುತ್ತದೆ.